ಮೊದಲು ವಿಷಯ, ಆಮೇಲೆ ದೇಶ: ವಿದೇಶ ವ್ಯಾಸಂಗಕ್ಕೆ ಅಣಿಯಾಗುವ ಬಗೆ

ಮಂಗಳೂರು, ಉಡುಪಿಯ ಮನೆಗಳಲ್ಲಿ ವಿದೇಶ ವ್ಯಾಸಂಗದ ಮಾತು ಸಾಮಾನ್ಯವಾಗಿ ದೇಶದ ಹೆಸರಿನಿಂದಲೇ ಶುರುವಾಗುತ್ತದೆ. ದೊಡ್ಡಪ್ಪನ ಮಗ ಕೆನಡಾದಲ್ಲಿದ್ದರೆ ಕೆನಡಾ, ಸೋದರತ್ತೆಯ ಮಗಳು ಜರ್ಮನಿಯಲ್ಲಿದ್ದರೆ ಜರ್ಮನಿ. ಬಳಿಕ ಕನ್ಸಲ್ಟೆನ್ಸಿ, ಅವರು ತೋರಿಸಿದ ಪಟ್ಟಿಯಿಂದ ವಿಶ್ವವಿದ್ಯಾಲಯ, ಎಲ್ಲಕ್ಕಿಂತ ಕೊನೆಗೆ ಕೋರ್ಸು. ಈ ಕ್ರಮವನ್ನು ತಿರುವಿಹಾಕಬೇಕೆಂಬುದೇ ನನ್ನ ಸಲಹೆ. ಕಲಿಯಬೇಕಾದ ವಿಷಯ, ಅದಕ್ಕೆ ನಮ್ಮ ಪದವಿಯ ಅರ್ಹತೆ, ತಗಲುವ ಹಣ, ಈ ಮೂರನ್ನೂ ಕಾಗದದ ಮೇಲೆ ಬರೆದುಕೊಂಡರೆ ದೇಶಗಳ ಪಟ್ಟಿ ತಾನಾಗಿ ಎರಡು ಮೂರಕ್ಕೆ ಇಳಿಯುತ್ತದೆ.

ವಿಷಯವನ್ನು ಆರಿಸುವಾಗ, ಇದೇ ಪಾಠ ಸುರತ್ಕಲ್ಲಿನ ಎನ್‌ಐಟಿಕೆಯಲ್ಲೋ ಮಣಿಪಾಲದಲ್ಲೋ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲೋ ಸಿಗುವುದಿಲ್ಲವೇ ಎಂದು ನಿಷ್ಠುರವಾಗಿ ಕೇಳಿಕೊಳ್ಳಬೇಕು. ಎರಡೂ ಕಡೆಯ ಪಠ್ಯಕ್ರಮವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಹೊರಗೆ ಹೋಗುವುದರಿಂದ ನಿಜವಾಗಿ ದೊರೆಯುವುದು ಒಳ್ಳೆಯ ಪ್ರಯೋಗಾಲಯವೋ, ಮಾರ್ಗದರ್ಶಕರೋ, ಅಲ್ಲಿನ ಉದ್ಯೋಗವೋ ಎಂಬುದು ತಿಳಿಯುತ್ತದೆ. ಉದ್ಯೋಗವೇ ಉದ್ದೇಶವಾಗಿದ್ದರೆ ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಓದು ಮುಗಿದ ಮೇಲೆ ಅಲ್ಲಿ ಎಷ್ಟು ಕಾಲ ಉಳಿಯಬಹುದೆಂಬುದನ್ನು ಆಯಾ ಸರ್ಕಾರದ ಜಾಲತಾಣದಲ್ಲೇ ಓದಿಕೊಳ್ಳಬೇಕು.

ಅರ್ಹತೆಯ ವಿಚಾರದಲ್ಲಿ ಬಿ.ಕಾಂ., ಬಿ.ಎಸ್‌ಸಿ. ವಿದ್ಯಾರ್ಥಿಗಳು ಹೆಚ್ಚು ಎಚ್ಚರ ವಹಿಸಬೇಕು. 2024ರಲ್ಲಿ ಕರ್ನಾಟಕವು ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿತು. ಪಿಯುಸಿವರೆಗಿನ 12 ವರ್ಷ ಮತ್ತು ಪದವಿಯ 3 ಸೇರಿದರೆ 15 ಆಗುತ್ತದೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ 16 ವರ್ಷಗಳ ಶಿಕ್ಷಣವನ್ನು ಕೇಳುತ್ತವೆ. ಬ್ರಿಟನ್ ಸಾಮಾನ್ಯವಾಗಿ ಮೂರು ವರ್ಷದ ಪದವಿಯನ್ನು ಒಪ್ಪುತ್ತದೆ. ಜರ್ಮನಿಯಲ್ಲಿ ಅಂಕಗಳ ಲೆಕ್ಕವೇ ತಿರುವುಮುರುವು: 1 ಅತ್ಯುತ್ತಮ, 4 ತೇರ್ಗಡೆಯ ಗಡಿ. ನಿಮ್ಮ ಅಂಕವನ್ನು ಆ ಕ್ರಮಕ್ಕೆ ಬದಲಿಸಲು, ಗರಿಷ್ಠ ಅಂಕದಿಂದ ನಿಮ್ಮದನ್ನು ಕಳೆದು, ಗರಿಷ್ಠಕ್ಕೂ ತೇರ್ಗಡೆಯ ಕನಿಷ್ಠಕ್ಕೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ 1 ಕೂಡಿಸಬೇಕು. 10ಕ್ಕೆ 8 ಸಿಜಿಪಿಎ ಇದ್ದು ಕನಿಷ್ಠ 4 ಎಂದಾದರೆ ಉತ್ತರ 2. ಅರ್ಜಿ ಶುಲ್ಕ ಕಟ್ಟುವ ಮೊದಲು ಈ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ವೈದ್ಯಕೀಯ ಶಿಕ್ಷಣಕ್ಕಾಗಿ ಹೊರಡುವವರು 2021ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳನ್ನು ಓದದೆ ಒಂದು ರೂಪಾಯಿಯನ್ನೂ ಕೊಡಬಾರದು. ಭಾರತದಲ್ಲಿ ವೈದ್ಯವೃತ್ತಿ ನಡೆಸಬೇಕಾದರೆ ನೀಟ್ ಅರ್ಹತೆ, ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ಮರಳಿ ಬಂದ ಮೇಲೆ ಅರ್ಹತಾ ಪರೀಕ್ಷೆಯೂ ಇದೆ.

ಹಣದ ವಿಷಯಕ್ಕೆ ಬಂದರೆ, ಕೆನರಾ ಬ್ಯಾಂಕ್, ಕರ್ಣಾಟಕ ಬ್ಯಾಂಕ್‌ಗಳು ಹುಟ್ಟಿದ ಊರಿನಲ್ಲಿ ಸಾಲದ ಬಗ್ಗೆ ಹೇಳಿಕೊಡಬೇಕೆ ಎನಿಸಬಹುದು. ಆದರೂ ಬಹುತೇಕ ಅರ್ಜಿಗಳು ಜಾಗದ ಕಾಗದಪತ್ರದಲ್ಲೇ ಸಿಕ್ಕಿಕೊಳ್ಳುತ್ತವೆ. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಅಡಮಾನ ಕೇಳುತ್ತವೆ. ಕನ್ವರ್ಷನ್ ಆಗದ, ಅಂದರೆ ಕೃಷಿಯೇತರ ಜಮೀನಾಗಿ ಪರಿವರ್ತನೆಯಾಗದ, ಅಡಿಕೆ ತೋಟವನ್ನು ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಪಾಲುಪಟ್ಟಿಯಾಗದ ಕುಟುಂಬದ ಜಾಗಕ್ಕಾದರೆ ಎಲ್ಲ ಹಕ್ಕುದಾರರ ಸಹಿ ಬೇಕಾಗುತ್ತದೆ, ಅವರಲ್ಲಿ ಒಬ್ಬರು ಮುಂಬೈಯಲ್ಲಿ, ಇನ್ನೊಬ್ಬರು ದುಬೈಯಲ್ಲಿ ಇರುವುದು ನಮ್ಮಲ್ಲಿ ಹೊಸತೇನಲ್ಲ. ಆದ್ದರಿಂದ ಪ್ರವೇಶ ಪತ್ರಕ್ಕಾಗಿ ಕಾಯದೆ ಒಂದು ವರ್ಷ ಮೊದಲೇ ಕಾಗದಗಳನ್ನು ವಕೀಲರಿಗೆ ತೋರಿಸಿಡುವುದು ಲೇಸು. ಕಂತು ಕಟ್ಟಲು ಓದು ಮುಗಿದು ಒಂದು ವರ್ಷದವರೆಗೆ ವಿರಾಮವಿದ್ದರೂ ಬಡ್ಡಿಗೆ ವಿರಾಮವಿಲ್ಲ. 20 ಲಕ್ಷಕ್ಕೆ ಶೇ. 10ರ ಸರಳ ಬಡ್ಡಿ ಎಂದಿಟ್ಟುಕೊಂಡರೂ ಮೂರು ವರ್ಷಕ್ಕೆ 6 ಲಕ್ಷ ಸೇರಿರುತ್ತದೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲವೆಂಬುದು ನಿಜ, ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ ಇದೆ. ಅಲ್ಲದೆ ಜೀವನ ವೆಚ್ಚಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗಿಷ್ಟೇ ಎಂದು ಹಣ ತೆಗೆಯಲು ಬಿಡುವ ಖಾತೆ) ಇಡಬೇಕಾದ ವರ್ಷದ ಮೊತ್ತ 2024ರ ಸೆಪ್ಟೆಂಬರಿನಿಂದ 11,904 ಯೂರೋ ಆಗಿದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ವಿದೇಶ ವ್ಯಾಸಂಗಕ್ಕೆ ನೆರವಾಗುವ ರಾಜ್ಯದ ಪ್ರಬುದ್ಧ ಯೋಜನೆಯ ಬಗ್ಗೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ಮೊದಲೇ ವಿಚಾರಿಸಬೇಕು.

ಕನ್ಸಲ್ಟೆನ್ಸಿಗೆ ಹೋಗಬಾರದೆಂದು ನಾನು ಹೇಳುವುದಿಲ್ಲ. ಆದರೆ ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕಾಗಿ ಹಲವು ವಿದೇಶಿ ಸಂಸ್ಥೆಗಳು ಅವರಿಗೆ ಕಮಿಷನ್ ಕೊಡುತ್ತವೆ ಎಂಬುದು ಗೊತ್ತಿರಲಿ. ಸಲಹೆ ಉಚಿತವಾಗಿ ಸಿಗುವುದಕ್ಕೂ, ಶುಲ್ಕವಿಲ್ಲದ ವಿಶ್ವವಿದ್ಯಾಲಯಗಳ ಹೆಸರು ಪಟ್ಟಿಯಲ್ಲಿ ಕಾಣಿಸದಿರುವುದಕ್ಕೂ ಇದೇ ಕಾರಣವಿರಬಹುದು.

ಇನ್ನು ಕಾಲದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಅಂಕ ಎರಡು ವರ್ಷ, ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಜಿಆರ್‌ಇಯ ಅಂಕ ಐದು ವರ್ಷ ಸಲ್ಲುತ್ತದೆ. ಜರ್ಮನಿಗೆ 2022ರ ನವೆಂಬರಿನಿಂದ, ನಮ್ಮ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಅಲ್ಲಿ ಅಕ್ಟೋಬರಿನ ತರಗತಿಗೆ ಅನೇಕ ಕಡೆ ಜುಲೈ 15 ಕೊನೆಯ ದಿನ, ಹಲವು ಕೋರ್ಸುಗಳಿಗೆ ಅದಕ್ಕೂ ಬಹಳ ಮೊದಲೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಗಳ ಅಧಿಕೃತ ದಾಖಲೆ, ಬೆಳಗಾವಿಯಿಂದ ಬರಬೇಕು. ಶಿಫಾರಸು ಪತ್ರವನ್ನು ಅಧ್ಯಾಪಕರಿಗೆ ನಿಮ್ಮ ನೆನಪು ಹಸಿರಾಗಿರುವಾಗಲೇ ಕೇಳಿಕೊಳ್ಳಬೇಕು. ವೀಸಾ ಸಂದರ್ಶನ ಬೆಂಗಳೂರಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಬಿದ್ದರೆ, ಹಿಂದಿನ ರಾತ್ರಿಯ ಬಸ್ಸನ್ನು ನಂಬದೆ ಎರಡು ದಿನ ಮೊದಲೇ ಹೊರಡಬೇಕು; ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ವೀಸಾ ಕಚೇರಿಯವರು ನಿಮಗಾಗಿ ಕಾಯುವುದಿಲ್ಲ.