ಮನೆ ಮುಂದೆ, ಕಪ್ಪೆ ಹಿಂದೆ

ಅಮೆರಿಕದಲ್ಲಿ ಮೋಟರ್‌ಹೋಮ್, ಅಂದರೆ ಓಡಿಸಿಕೊಂಡು ಹೋಗುವ ಮನೆ, ಇಟ್ಟುಕೊಂಡವರು ಅದರ ಹಿಂದೆ ಕಟ್ಟಿ ಎಳೆಯುವ ಕಾರಿಗೆ ‘ಟೋಡ್’ ಅನ್ನುತ್ತಾರೆ. ಎಳೆಸಿಕೊಂಡದ್ದು ಅನ್ನುವ ಇಂಗ್ಲಿಷ್ ಪದಕ್ಕೂ ಕಪ್ಪೆಯ ಹೆಸರಿಗೂ ಉಚ್ಚಾರ ಒಂದೇ, ಅದಕ್ಕೇ ಈ ತಮಾಷೆ. ನಮ್ಮನೆಯಲ್ಲಿ ಅದು ಸೀದಾ ‘ಕಪ್ಪೆ’ಯೇ ಆಗಿಬಿಟ್ಟಿತು. "ರೀ, ಕಪ್ಪೆ ಕಟ್ಟಿದ್ರಾ?" ಅಂತ ಹೆಂಡತಿ ಕೂಗಿದ್ದು ಒಮ್ಮೆ ಫೋನಿನಲ್ಲಿದ್ದ ನಮ್ಮ ಅತ್ತಿಗೆಗೆ ಕೇಳಿಸಿತು. ಮಳೆ ಬರಲಿ ಅಂತ ಅಲ್ಲೂ ಕಪ್ಪೆ ಮದುವೆ ಮಾಡಿಸ್ತೀರಾ ಅಂದರು.

ನಮ್ಮದು 31 ಅಡಿಯ ಮೋಟರ್‌ಹೋಮ್, ಫೋರ್ಡ್ ಇ-450 ಗಾಡಿಯ ಚಾಸಿ (ಅಡಿಯ ಚೌಕಟ್ಟು) ಮೇಲೆ ಕಟ್ಟಿದ್ದು. ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮೊದಲ ಎರಡು ಪ್ರವಾಸ ಕಾರಿಲ್ಲದೆ ಹೋದೆವು. ಕ್ಯಾಂಪಿನಲ್ಲಿ ನಿಲ್ಲಿಸಿ, ನೀರಿನ ಪೈಪು, ಕರೆಂಟು, ಕೊಳಚೆ ಪೈಪು ಎಲ್ಲ ಜೋಡಿಸಿ ಕೂತ ಮೇಲೆ ಮೊಸರಿಗೆ ಹೆಪ್ಪು ಹಾಕಲು ಹಾಲಿಲ್ಲ ಅಂತ ಗೊತ್ತಾಗುತ್ತದೆ. ಅರ್ಧ ಗ್ಯಾಲನ್ ಹಾಲಿಗೆ ಇಡೀ ಮನೆಯನ್ನೇ ಕಿತ್ತುಕೊಂಡು ಹೋಗಬೇಕು. ಅಲ್ಲಿಗೆ ಕಾರು ಬೇಕು ಅಂತ ತೀರ್ಮಾನವಾಯಿತು.

ನಮ್ಮ ಹತ್ತಿರ ಟೊಯೋಟಾ ಕ್ಯಾಮ್ರಿ ಕಾರು ಇತ್ತು. ಅದನ್ನೇ ಕಟ್ಟೋಣ ಅಂದುಕೊಂಡಿದ್ದೆ. ಆಗುವುದಿಲ್ಲ. ಬಹಳಷ್ಟು ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ಪಂಪು ಓಡುವುದು ಎಂಜಿನ್ ಓಡಿದಾಗ ಮಾತ್ರ. ಎಂಜಿನ್ ಆರಿಸಿ ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆದರೆ ಒಳಗಿನ ಭಾಗಗಳು ಒಣಗಿ ತಿರುಗಿ ಸುಟ್ಟುಹೋಗುತ್ತವೆ. ಕಾರಿನ ಮ್ಯಾನ್ಯುಯಲ್‌ನಲ್ಲಿ ಹೀಗೆ ಎಳೆಯುವ ಬಗ್ಗೆ ಒಂದು ಅಧ್ಯಾಯ ಇರುತ್ತದೆ. ಕಾರು ಕೊಳ್ಳುವ ಮೊದಲು ಓದಬೇಕಾದ್ದು ಅದೊಂದೇ. ಹೋಂಡಾ ಸಿಆರ್-ವಿಯನ್ನು 2014ರ ಮಾಡೆಲ್‌ವರೆಗೂ ಹೀಗೆ ಎಳೆಯಬಹುದಿತ್ತು. 2015ರಲ್ಲಿ ಗೇರ್‌ಬಾಕ್ಸ್ ಬದಲಾಯಿತು, ಆ ಸುಖವೂ ಹೋಯಿತು. ನಾವು ಹಳೇ ಜೀಪ್ ರ‍್ಯಾಂಗ್ಲರ್ ತೆಗೆದುಕೊಂಡೆವು. ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಅದರ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ಹಾಕಿದರೆ ಚಕ್ರಕ್ಕೂ ಗೇರ್‌ಬಾಕ್ಸಿಗೂ ಸಂಬಂಧವೇ ಇರುವುದಿಲ್ಲ.

ತೂಕದ ಲೆಕ್ಕ ಬೇಗ ಮುಗಿಯಿತು. ಜೀಪು 4,200 ಪೌಂಡ್, ಅಂದರೆ 1,900 ಕೆಜಿ ಹತ್ತಿರ. ನಮ್ಮ ಗಾಡಿಯ ಹಿಚ್ (ಹಿಂದಿನ ಕೊಂಡಿ) ಮೇಲೆ ಬರೆದದ್ದು 5,000 ಪೌಂಡ್. ಎರಡೂ ಗಾಡಿಯನ್ನು ಜೋಡಿಸುವ ಟೋ ಬಾರ್ ಇನ್ನೂ ಜಾಸ್ತಿ ತಡೆಯುತ್ತದೆ ಅಂತ ಅಂಗಡಿಯವನು ಉಬ್ಬಿಸಿ ಹೇಳಿದ. ಅದು ಸುಮ್ನೆ. ಇರುವ ಅಂಕಿಗಳಲ್ಲಿ ಯಾವುದು ಎಲ್ಲಕ್ಕಿಂತ ಚಿಕ್ಕದೋ ಅದೇ ಲೆಕ್ಕಕ್ಕೆ.

ಜೀಪಿನ ಮುಂದೆ, ಬಂಪರ್ ಹಿಂದೆ, ಬೇಸ್ ಪ್ಲೇಟ್ ಅನ್ನುವ ಉಕ್ಕಿನ ಚೌಕಟ್ಟು ಕೂರಿಸಬೇಕು. ಇದನ್ನು ಒಂದು ಅಂಗಡಿಯಲ್ಲಿ ಮಾಡಿಸಿದೆ. ಮನೆಗೆ ಬಂದು ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ನೋಡಿದರೆ ಎರಡು ಬೋಲ್ಟು ಅರ್ಧ ಸುತ್ತು ತಿರುಗಿದವು. ದುಡ್ಡು ಎಣಿಸಿಕೊಳ್ಳುವಾಗ ಇದ್ದ ಗಮನ ಬೋಲ್ಟು ಬಿಗಿಯುವಾಗ ಇರಲಿಲ್ಲ ಅನ್ನಿಸುತ್ತದೆ. ಎಲ್ಲ ಬಿಚ್ಚಿ, ಬೋಲ್ಟಿನ ಸುತ್ತುಗಳಿಗೆ ಅಂಟು ಹಚ್ಚಿ, ನಾನೇ ಮತ್ತೆ ಬಿಗಿದೆ. ಈಗಲೂ ಪ್ರತಿ ಪ್ರವಾಸಕ್ಕೆ ಮುಂಚೆ ಕೆಳಗೆ ಮಲಗಿ ಒಮ್ಮೆ ನೋಡುತ್ತೇನೆ. ವೈರಿಂಗ್ ಮಾತ್ರ ನಾನೇ ಮಾಡಿದ್ದು. ಮೋಟರ್‌ಹೋಮಿನ ಇಂಡಿಕೇಟರ್, ಬ್ರೇಕ್ ಲೈಟು ಹತ್ತಿದಾಗ ಜೀಪಿನದ್ದೂ ಹತ್ತಬೇಕು. ಆ ಕರೆಂಟು ಹಿಂದಕ್ಕೆ ಹರಿದು ಜೀಪಿನ ಎಲೆಕ್ಟ್ರಾನಿಕ್ಸ್ ಕೆಡಿಸದ ಹಾಗೆ ನಡುವೆ ಡಯೋಡ್ ಹಾಕಿದೆ. ಒಂದು ಭಾನುವಾರದ ಕೆಲಸ.

ಕಟ್ಟುವ ಕ್ರಮಕ್ಕೆ ಬರುತ್ತೇನೆ. ಸಮತಟ್ಟಾದ ನೆಲ, ಎರಡೂ ಗಾಡಿ ನೇರ ಸಾಲಿನಲ್ಲಿ. ಟೋ ಬಾರ್ ನೆಲಕ್ಕೆ ಹೆಚ್ಚುಕಮ್ಮಿ ಸಮ ಇರಬೇಕು. ಎರಡು ತುದಿಗಳ ಎತ್ತರದಲ್ಲಿ 4 ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಜೋರಾಗಿ ಬ್ರೇಕ್ ಹಾಕಿದಾಗ ಕಾರು ಮೇಲೆ ಹತ್ತಲು ನೋಡುತ್ತದೆ. ಬಾರಿನ ಎರಡು ಕಾಲುಗಳನ್ನು ಬೇಸ್ ಪ್ಲೇಟಿಗೆ ಸೇರಿಸಿ ಪಿನ್ ತೂರಿಸುವುದು, ಪಿನ್ನಿಗೆ ಕ್ಲಿಪ್. ಹಿಚ್‌ನಲ್ಲಿ ಇನ್ನೊಂದು ಪಿನ್, ಇನ್ನೊಂದು ಕ್ಲಿಪ್. ಆಮೇಲೆ ಎರಡು ಸೇಫ್ಟಿ ಕೇಬಲ್, ಬಾರಿನ ಕೆಳಗೆ ಕತ್ತರಿಯ ಹಾಗೆ ಅಡ್ಡಡ್ಡ. ತಿರುವಿನಲ್ಲಿ ಬಿಗಿಯಬಾರದು, ನೆಲಕ್ಕೂ ತಾಗಬಾರದು. ಆಮೇಲೆ ಲೈಟಿನ ಸುರುಳಿ ವೈರು. ಕೊನೆಗೆ ಬ್ರೇಕ್‌ಅವೇ ದಾರ. ಕಾರು ಕಳಚಿಕೊಂಡರೆ ಈ ದಾರ ಒಂದು ಪಿನ್ನನ್ನು ಕಿತ್ತು ಕಾರಿನ ಬ್ರೇಕನ್ನು ತಾನೇ ಹಾಕಿಸುತ್ತದೆ. ಇದನ್ನು ಮೋಟರ್‌ಹೋಮಿನ ಚಾಸಿಗೇ ಕಟ್ಟಬೇಕು. ಟೋ ಬಾರಿಗೆ ಕಟ್ಟಿದರೆ ಬಾರ್ ಸಮೇತ ಕಳಚಿದಾಗ ದಾರ ಯಾರನ್ನು ಎಳೆಯಬೇಕು?

ಜೀಪಿನ ಒಳಗಿನ ಕೆಲಸ ಬೇರೆ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ರಿವರ್ಸ್ ಹಾಕಿ ಬ್ರೇಕಿನಿಂದ ಕಾಲು ತೆಗೆದು ಐದು ಸೆಕೆಂಡ್ ಕಾಯುತ್ತೇನೆ. ಗಾಡಿ ಅಲ್ಲಾಡಬಾರದು. ಡ್ರೈವ್ ಹಾಕಿ ಮತ್ತೆ ಅದೇ. ಎಂಜಿನ್ ಆರಿಸಿ ಗೇರ್ ಪಾರ್ಕ್‌ಗೆ ಹಾಕುತ್ತೇನೆ. ಸ್ಟೀರಿಂಗ್ ಲಾಕ್ ಆಗದ ಹಾಗೆ ಕೀ ಇಡುತ್ತೇನೆ, ಕೊನೆಗೆ ಹ್ಯಾಂಡ್‌ಬ್ರೇಕ್ ಬಿಡುತ್ತೇನೆ. ಆಮೇಲೆ ಮೋಟರ್‌ಹೋಮನ್ನು ಹತ್ತು ಹದಿನೈದು ಅಡಿ ಮೆಲ್ಲಗೆ ಮುಂದಕ್ಕೆ ತರುತ್ತೇನೆ. ಬಾರಿನ ಕಾಲುಗಳು ಟಕ್, ಟಕ್ ಅಂತ ಎರಡು ಸಲ ಲಾಕ್ ಆಗಬೇಕು. ಹೆಂಡತಿ ಹೊರಗೆ ನಿಂತು ಜೀಪಿನ ನಾಲ್ಕೂ ಚಕ್ರ ಉರುಳುತ್ತಿವೆಯಾ ಅಂತ ನೋಡುತ್ತಾಳೆ.

ಇಷ್ಟೆಲ್ಲ ಗೊತ್ತಿದ್ದೂ ಒಮ್ಮೆ ಕೆಡಿಸಿಕೊಂಡೆ. ಸ್ಯಾನ್ ಡಿಯೇಗೊದಿಂದ ವಾಪಸ್ ಹೊರಡುವ ಬೆಳಿಗ್ಗೆ. ಪಕ್ಕದ ಸೈಟಿನ ಅಜ್ಜ ಕಾಫಿ ಕಪ್ಪು ಹಿಡಿದು ಮಾತಿಗೆ ನಿಂತರು. ಒಳ್ಳೆಯ ಮನುಷ್ಯ, ಮಾತೂ ಜಾಸ್ತಿ. ನಾನು ಬಾಯಲ್ಲಿ ಹೂಂ ಅನ್ನುತ್ತಾ ಕೈಯಲ್ಲಿ ಬ್ರೇಕ್ ಬಾಕ್ಸ್ ಕೂರಿಸುತ್ತಿದ್ದೆ. ಇದು ಡ್ರೈವರ್ ಸೀಟಿನ ಮುಂದೆ ನೆಲದ ಮೇಲೆ ಕೂರುವ ಪೆಟ್ಟಿಗೆ. ಅದರ ತೋಳು ಬ್ರೇಕ್ ಪೆಡಲನ್ನು ಹಿಡಿದಿರುತ್ತದೆ, ಬೆನ್ನು ಸೀಟಿಗೆ ಒರಗಿರುತ್ತದೆ. ಮೋಟರ್‌ಹೋಮ್ ನಿಧಾನವಾದದ್ದು ತಿಳಿದು ತಾನೂ ಪೆಡಲ್ ಒತ್ತುತ್ತದೆ. ಕೂರಿಸುವ ಮೊದಲು ಪೆಡಲನ್ನು ನಾಲ್ಕೈದು ಸಲ ತುಳಿದು ಬ್ರೇಕಿಗೆ ಬಲ ಕೊಡುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿ ಮಾಡಬೇಕು. ಅದು ಮಾಡಿದ್ದೆ. ಸೀಟನ್ನು ಮುಂದಕ್ಕೆ ತಳ್ಳುವಾಗ ಒಂದು ಹಲ್ಲು ಜಾಸ್ತಿ ತಳ್ಳಿದ್ದೆ, ಅಷ್ಟೇ.

ಐ-5 ಹೆದ್ದಾರಿಯಲ್ಲಿ ಟೆಹೋನ್ ಘಾಟಿ ಹತ್ತುವಾಗ ಗಾಡಿ ಯಾಕೋ ಏದುಸಿರು ಬಿಡುತ್ತಿತ್ತು. ಹಿಂದಿನ ಲಾರಿಯವನು ಹೆಡ್‌ಲೈಟ್ ಮಿನುಗಿಸುತ್ತಲೇ ಇದ್ದ. ಇಲ್ಲಿ ಎಳೆಯುವ ಗಾಡಿಗೆ ಕಾನೂನಿನ ಮಿತಿಯೇ ಗಂಟೆಗೆ 55 ಮೈಲಿ, ನಿನಗೇನು ಅವಸರ ಅಂತ ಬೈದುಕೊಂಡೆ. ಆ ಪುಣ್ಯಾತ್ಮ ಹೇಳುತ್ತಿದ್ದದ್ದು ಬೇರೆ. ಜೀಪಿನ ಬ್ರೇಕ್ ಲೈಟು ಆರುತ್ತಲೇ ಇರಲಿಲ್ಲ.

ಲೆಬೆಕ್ ಹತ್ತಿರದ ವಿಶ್ರಾಂತಿ ಜಾಗದಲ್ಲಿ ಹೆಂಡತಿ ಟಾಯ್ಲೆಟ್‌ಗೆ ಅಂತ ನಿಲ್ಲಿಸಿದಳು. ಇಳಿದ ತಕ್ಷಣ ಮೂಗಿಗೆ ಬಂತು, ಸುಟ್ಟ ರಬ್ಬರಿನ ಹಾಗೆ, ಅದಕ್ಕಿಂತ ಒಗರು. ಜೀಪಿನ ಮುಂದಿನ ಚಕ್ರದ ಹತ್ತಿರ ಅಂಗೈ ಒಯ್ದೆ. ಒಂದು ಗೇಣು ದೂರದಲ್ಲೇ ತವೆಯ ಕಾವು. ಹಿಂದಿನ ಚಕ್ರ ಬೆಚ್ಚಗಿತ್ತು, ಅಷ್ಟೇ. ಅಲ್ಲಿಂದ ಮುಂದೆ ಗ್ರೇಪ್‌ವೈನ್ ಇಳಿಜಾರು, ಶೇಕಡ 6ರ ಇಳಿತ, ಮೈಲಿಗಟ್ಟಲೆ. ಕಾದ ಬ್ರೇಕಿನಲ್ಲಿ ಅದನ್ನು ಇಳಿದಿದ್ದರೆ? ಬಾಗಿಲು ತೆಗೆದು ಸೀಟು ಹಿಂದಕ್ಕೆ ಸರಿಸಿದೆ. ಅಷ್ಟು ಹೊತ್ತೂ ಒತ್ತಿಕೊಂಡೇ ಇದ್ದ ಬ್ರೇಕ್ ಪೆಡಲ್ ಮೇಲೆ ಬಂತು. ನೀರು ಸುರಿಯಲು ಹೋಗಲಿಲ್ಲ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಒಂದೂವರೆ ಗಂಟೆ ಕೂತೆವು. ಚಿತ್ರಾನ್ನ ಇತ್ತು, ತಿಂದೆವು. ಅವಳು ಒಂದು ಮಾತೂ ಆಡಲಿಲ್ಲ. ಅದೇ ಕಷ್ಟವಾಗಿದ್ದು.

ಊರಿಗೆ ಬಂದು ಮುಂದಿನ ಬ್ರೇಕ್ ಪ್ಯಾಡ್, ಡಿಸ್ಕ್ ಎಲ್ಲ ಹೊಸದು ಹಾಕಿದೆ. ಆಗಿನಿಂದ ಎರಡು ಪದ್ಧತಿ. ಬಾಕ್ಸ್ ಕೂರಿಸಿದ ಮೇಲೆ, ಮೋಟರ್‌ಹೋಮಿನ ಲೈಟು ಹಾಕುವ ಮೊದಲು, ಜೀಪಿನ ಹಿಂದೆ ಹೋಗಿ ಬ್ರೇಕ್ ಲೈಟು ಆರಿದೆಯಾ ಅಂತ ನೋಡುವುದು. ಹೊರಟ ಮೇಲೆ ಮೊದಲ ಹತ್ತು ಮೈಲಿಯೊಳಗೆ ಎಲ್ಲಾದರೂ ನಿಂತು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯುವುದು. ಕಟ್ಟುವಾಗ ಯಾರಾದರೂ ಮಾತಿಗೆ ಬಂದರೆ ಕೆಲಸ ಬಿಟ್ಟು ಪೂರ್ತಿ ಮಾತಾಡುತ್ತೇನೆ, ಅವರು ಹೋದ ಮೇಲೆ ಮೊದಲಿಂದ ಶುರು ಮಾಡುತ್ತೇನೆ.

ತಿಪಟೂರಿನ ಹತ್ತಿರ ನಮ್ಮ ತಾತನ ಎತ್ತಿನಗಾಡಿ ಇತ್ತು. ತೆಂಗಿನಕಾಯಿ ಹೇರಿ ಹೊರಡುವ ಮೊದಲು ತಾತ ಎರಡೂ ಚಕ್ರ ಕಳಚದ ಹಾಗೆ ತಡೆಯುವ ಕಡಾಣಿಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಕಣ್ಣಲ್ಲಿ ನೋಡಿದರೆ ಸಾಲದಾ ಅಂತ ಆಗ ನನಗೆ ನಗು. ಟೋ ಬಾರಿನ ಪಿನ್ನಿಗೆ ಈಗ ನಮ್ಮಿಬ್ಬರ ಬಾಯಲ್ಲಿ ಕಡಾಣಿ ಅಂತಲೇ ಹೆಸರು. ಮೂರು ಕಡಾಣಿ, ಮೂರರ ಕ್ಲಿಪ್ಪಿಗೂ ಕೆಂಪು ಬಟ್ಟೆಯ ಚೂರು ಕಟ್ಟಿದ್ದೇವೆ. ನಾನು ಕಟ್ಟುತ್ತೇನೆ, ಅವಳು ಮುಟ್ಟಿ ಎಣಿಸುತ್ತಾಳೆ.

ಇನ್ನೊಂದು ಸಂಗತಿ, ರಿವರ್ಸ್. ಕಪ್ಪೆ ಕಟ್ಟಿಕೊಂಡು ಹಿಂದಕ್ಕೆ ಹೋಗುವ ಹಾಗೇ ಇಲ್ಲ. ಕಾರಿನ ಮುಂದಿನ ಚಕ್ರಗಳು ತಮಗೆ ಬೇಕಾದ ಕಡೆ ತಿರುಗಿ ನಿಂತು ಟೋ ಬಾರ್ ಬಾಗುತ್ತದೆ. ಒಂದು ಇಕ್ಕಟ್ಟಿನ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿಕೊಂಡು ಅಲ್ಲೇ ಬಿಚ್ಚಬೇಕಾಯಿತು. ಗಾಡಿ ಸೊಟ್ಟಗೆ ನಿಂತಿದ್ದರಿಂದ ಬಾರ್ ಬಿಗಿದು ಪಿನ್ ಬರಲೇ ಇಲ್ಲ. ಅವಳು ಜೀಪಿನಲ್ಲಿ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದಳು, ನಾನು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದೆ. ಹಿಂದೆ ಆರು ಕಾರು ಸಾಲಾಗಿ ಕಾಯುತ್ತಿದ್ದವು. ಈಗ ಬಂಕಿಗೆ ತಿರುಗುವ ಮೊದಲೇ ಅವಳು ಫೋನಿನಲ್ಲಿ ಉಪಗ್ರಹದ ನಕ್ಷೆ ತೆಗೆದು ಹೊರಗೆ ಹೋಗುವ ದಾರಿ ಎಲ್ಲಿದೆ ಅಂತ ನೋಡುತ್ತಾಳೆ. ಸುತ್ತಿಗೆ ಮಾತ್ರ ಇನ್ನೂ ಪಕ್ಕದ ಡಬ್ಬಿಯಲ್ಲೇ ಇದೆ.