ಕಾಲೇಜು ವಿದ್ಯಾರ್ಥಿಗಳ ರೈಡ್ ಆ್ಯಪ್: ಎಸ್‌ಒಎಸ್ ಬಟನ್ ಕೊನೆಗಿರಲಿ

ಒಂದೇ ಕಾಲೇಜಿನವರು ತಮ್ಮ ಗಾಡಿಯಲ್ಲಿ ಒಬ್ಬರನ್ನೊಬ್ಬರು ಕರೆದೊಯ್ಯಲು ಸುರಕ್ಷಿತ ರೈಡ್ ಆ್ಯಪ್ ಮಾಡಲು ಹೊರಟ ತಂಡಗಳು ಸಾಮಾನ್ಯವಾಗಿ ಮೊದಲು ಬಿಡಿಸುವ ಚಿತ್ರ ಒಂದು ದೊಡ್ಡ ಕೆಂಪು ಬಟನ್: ಅಪಾಯದಲ್ಲಿ ನೆರವು ಕೇಳುವ ಎಸ್‌ಒಎಸ್. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಗಾಡಿಯ ಬಾಗಿಲು ಮುಚ್ಚುವ ಮೊದಲು ತಡೆಯಬಹುದಾದ್ದನ್ನೆಲ್ಲ ತಡೆದ ಮೇಲೂ ಉಳಿಯುವ ಅಪಾಯಕ್ಕೆ ಆ ಬಟನ್ ಬೇಕಾಗುತ್ತದೆ.

ಒಳಗೆ ಯಾರು ಬರಬಹುದು

ಕಾಲೇಜಿನ ಇಮೇಲ್‌ಗೆ ಒಟಿಪಿ ಕಳಿಸಿ ಖಾತೆ ತೆರೆಸುವುದು ಸುಲಭ. ಆದರೆ ಓದು ಮುಗಿಸಿ ಹೋದವರ ಇಮೇಲ್ ಎಷ್ಟೋ ಕಡೆ ವರ್ಷಗಟ್ಟಲೆ ಚಾಲ್ತಿಯಲ್ಲಿರುತ್ತದೆ. ಕಾಲೇಜಿನ ಲಾಗಿನ್ ವ್ಯವಸ್ಥೆಗೇ ಆ್ಯಪ್ ಜೋಡಿಸಿದರೆ ಒಳ್ಳೆಯದು. ಆಗದಿದ್ದರೆ ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ಮರುಪರಿಶೀಲನೆ ಕಡ್ಡಾಯ ಮಾಡಿ. ಗಾಡಿ ಓಡಿಸುವವರಿಂದ ಡ್ರೈವಿಂಗ್ ಲೈಸೆನ್ಸ್, ವಾಹನ ನೋಂದಣಿ, ವಿಮೆ ಮೂರೂ ಬೇಕು. ವಿಮೆಯ ಅವಧಿ ಮುಗಿದ ದಿನ ಆ ಖಾತೆ ತಾನಾಗಿಯೇ ನಿಲ್ಲಬೇಕು. ಒಬ್ಬರ ಖಾತೆಯಲ್ಲಿ ರೂಮ್‌ಮೇಟ್ ಗಾಡಿ ಓಡಿಸುವುದನ್ನು ತಡೆಯಲು ಆಗಾಗ, ಮುನ್ಸೂಚನೆ ಇಲ್ಲದೆ, ಹೊರಡುವ ಮುಂಚೆ ಸೆಲ್ಫಿ ಕೇಳಿ.

ದರವನ್ನು ಚಾಲಕರ ಕೈಗೆ ಬಿಡಬೇಡಿ. ಇಂಧನದ ಖರ್ಚು ಹಂಚಿಕೊಳ್ಳುವುದು ಬೇರೆ, ಬಾಡಿಗೆಗೆ ಓಡಿಸುವುದು ಬೇರೆ. ಎರಡನೆಯದಕ್ಕೆ ಜಾರಿದರೆ ಖಾಸಗಿ ವಾಹನದ ವಿಮೆ ಕೈಕೊಡಬಹುದು. ಈ ಗೆರೆ ಎಲ್ಲಿದೆ ಎಂದು ಬಿಡುಗಡೆಗೆ ಮುಂಚೆಯೇ ವಕೀಲರಿಂದ ಬರೆಸಿಕೊಳ್ಳಿ.

ಹತ್ತುವ ಆ ಅರ್ಧ ನಿಮಿಷ

2019ರ ಮಾರ್ಚ್‌ನಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ವಿದ್ಯಾರ್ಥಿನಿಯೊಬ್ಬಳು ತಾನು ಬುಕ್ ಮಾಡಿದ ಗಾಡಿ ಇದೇ ಎಂದುಕೊಂಡು ಬೇರೊಬ್ಬನ ಕಾರು ಹತ್ತಿ ಕೊಲೆಯಾದಳು. ನಂಬರ್ ಪ್ಲೇಟ್ ನೋಡಿ ಹತ್ತಿ ಎಂದು ಪರದೆಯಲ್ಲಿ ಬರೆದರೆ ಸಾಲದು, ಕತ್ತಲಲ್ಲಿ, ಮಳೆಯಲ್ಲಿ ಯಾರೂ ನೋಡುವುದಿಲ್ಲ. ಬಂದದ್ದು ಬುಕ್ ಮಾಡಿದ ಗಾಡಿಯೇ ಎಂದು ತಾಳೆ ನೋಡುವುದನ್ನು ಆ್ಯಪ್ ಬಲವಂತವಾಗಿ ಮಾಡಿಸಬೇಕು.

ನಾಲ್ಕಂಕಿಯ ಪಿನ್ ಇಟ್ಟರೆ ಅದು ಯಾರಿಂದ ಯಾರಿಗೆ ಹೋಗುತ್ತದೆ ಎಂಬುದರಲ್ಲೇ ಎಲ್ಲ ಇದೆ. ಪ್ರಯಾಣಿಕರು ಪಿನ್ ಹೇಳಿ ಚಾಲಕ ಒತ್ತುವ ಪದ್ಧತಿಯಲ್ಲಿ ಮೋಸಗಾರನೊಬ್ಬ ಸುಮ್ಮನೆ ಒತ್ತಿದಂತೆ ನಟಿಸಿ ‘ಆಯ್ತು, ಕೂತ್ಕೊಳ್ಳಿ’ ಎನ್ನಬಹುದು. ತಿರುಗಿಸಿ: ಪಿನ್ ಚಾಲಕರ ಫೋನಿನಲ್ಲಿ ಕಾಣಲಿ, ಅವರು ಹೇಳಲಿ, ಪ್ರಯಾಣಿಕರು ಹೊರಗೆ ನಿಂತೇ ತಮ್ಮ ಫೋನಿನಲ್ಲಿ ಒತ್ತಲಿ. ಸರಿಹೊಂದಿದರೆ ಫೋನ್ ಕಂಪಿಸಿ ಪರದೆ ಹಸಿರಾಗಲಿ. ಮೂರು ಸಲ ತಪ್ಪಿದರೆ ರೈಡ್ ರದ್ದು. ಇನ್ನೊಂದು ಸಾಲು ಪರದೆಯ ಮೇಲಿರಲಿ: ‘ಯಾರನ್ನು ಕರೆದೊಯ್ಯಲು ಬಂದಿದ್ದೀರಿ ಎಂದು ಕೇಳಿ, ನಿಮ್ಮ ಹೆಸರನ್ನು ಮೊದಲು ಹೇಳಬೇಡಿ.’

ಪಿಕಪ್ ಜಾಗವನ್ನು ಹಾಸ್ಟೆಲ್ ಬಾಗಿಲಿಗೆ ತರಬೇಡಿ. ಬೆಳಕು, ಜನ, ಕ್ಯಾಮೆರಾ ಇರುವ ಹತ್ತು ಹನ್ನೆರಡು ಜಾಗಗಳನ್ನು ಮೊದಲೇ ಗುರುತಿಸಿ, ಅವನ್ನಷ್ಟೇ ತೋರಿಸಿ. ಕೆಲವರು ನಿಜವಾದ ಜಾಗದ ಸುತ್ತ ಪ್ರತಿ ಸಲ ಬೇರೆ ಬೇರೆ ಚುಕ್ಕೆ ತೋರಿಸಿ ವಿಳಾಸ ಮರೆಮಾಡಿದೆವು ಎಂದುಕೊಳ್ಳುತ್ತಾರೆ. ಹತ್ತಿಪ್ಪತ್ತು ಚುಕ್ಕೆಗಳ ಸರಾಸರಿ ತೆಗೆದವರು ನೇರ ಆ ಬಾಗಿಲಿಗೇ ಬರಬಹುದು.

ದಾರಿಯಲ್ಲಿ

ಚಲಿಸುವಾಗ 5 ಸೆಕೆಂಡಿಗೊಮ್ಮೆ, ನಿಂತಾಗ 30 ಸೆಕೆಂಡಿಗೊಮ್ಮೆ ಸ್ಥಳ ಕಳಿಸುವ ಲೆಕ್ಕದಿಂದ ಶುರುಮಾಡಿ. ಆಂಡ್ರಾಯ್ಡ್‌ನಲ್ಲಿ ರೈಡ್ ನಡೆಯುವಷ್ಟು ಹೊತ್ತು ನೋಟಿಫಿಕೇಶನ್ ಕಾಣಿಸುವ ಫೋರ್‌ಗ್ರೌಂಡ್ ಸರ್ವಿಸ್ (ಪರದೆ ಆರಿದರೂ ಆ್ಯಪ್ ಕೆಲಸ ಮಾಡುತ್ತಿರುವ ವ್ಯವಸ್ಥೆ) ಬಳಸಿ. ಇಲ್ಲದಿದ್ದರೆ ಪರದೆ ಆರಿದ ಸ್ವಲ್ಪ ಹೊತ್ತಿಗೇ ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಆ್ಯಪನ್ನೇ ಮಲಗಿಸುತ್ತದೆ.

ದಾರಿ ತಪ್ಪಿದ್ದನ್ನು ಎಷ್ಟು ದೂರ ಸರಿದರು ಎಂಬುದೊಂದರಿಂದಲೇ ಅಳೆಯಬೇಡಿ. ಎತ್ತರದ ಕಟ್ಟಡಗಳ ನಡುವೆ, ಫ್ಲೈಓವರ್ ಕೆಳಗೆ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ಹಾರುತ್ತದೆ. ಟ್ರಾಫಿಕ್ ತಪ್ಪಿಸಲು ಚಾಲಕರು ಅಡ್ಡರಸ್ತೆ ಹಿಡಿಯುತ್ತಾರೆ. ನಿಗದಿತ ದಾರಿಯಿಂದ 200 ಮೀಟರ್‌ಗಿಂತ ದೂರ, ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು, ಜೊತೆಗೆ ತಲುಪಬೇಕಾದ ಜಾಗ ಹತ್ತಿರವಾಗದೆ ದೂರವಾಗುತ್ತಿದೆ: ಮೂರೂ ಕೂಡಿದಾಗ ಮಾತ್ರ ‘ಎಲ್ಲ ಸರಿಯಿದೆಯೇ?’ ಎಂದು ಪ್ರಯಾಣಿಕರನ್ನು ಕೇಳಿ. ಸುಳ್ಳು ಎಚ್ಚರಿಕೆ ಹೆಚ್ಚಾದರೆ ತೋಳ ಬಂತು ತೋಳ ಎಂಬಂತಾಗಿ ನಿಜವಾದ ದಿನ ಯಾರೂ ನೋಡುವುದಿಲ್ಲ. ಒಂದು ನಿಮಿಷದಲ್ಲಿ ಉತ್ತರ ಬರದಿದ್ದರೆ ಆ್ಯಪ್ ನಡೆಸುವ ಸಿಬ್ಬಂದಿ ಕರೆ ಮಾಡಲಿ.

ಗಾಡಿ ಎಲ್ಲಿದೆ ಎಂದು ನೋಡಲು ಮನೆಯವರಿಗೆ ಹಂಚುವ ಲಿಂಕಿನಲ್ಲಿ ರೈಡ್ ಸಂಖ್ಯೆ 1041, 1042 ಎಂದು ಸಾಲಾಗಿ ಇರಬಾರದು; ಒಂದಂಕಿ ಬದಲಿಸಿ ಬೇರೆಯವರ ದಾರಿ ನೋಡಬಹುದು. ಊಹಿಸಲಾಗದ ಉದ್ದ ಸಂಕೇತ ಇಡಿ, ಇಳಿದು 30 ನಿಮಿಷಕ್ಕೆ ಲಿಂಕ್ ಸಾಯಲಿ.

ಈಗ ಆ ಬಟನ್

3 ಸೆಕೆಂಡ್ ಒತ್ತಿ ಹಿಡಿಯುವಂತಿರಲಿ, ಸದ್ದು ಬೇಡ, ಪರದೆ ಬದಲಾಗುವುದೂ ಬೇಡ, ಏಕೆಂದರೆ ಚಾಲಕ ಪಕ್ಕದಲ್ಲೇ ಇರುತ್ತಾನೆ. ರದ್ದು ಮಾಡಲು ಪಿನ್ ಕೇಳಿ, ಜೊತೆಗೆ ಎರಡನೆಯ ಗುಟ್ಟಿನ ಪಿನ್ ಕೊಡಿ: ಬೆದರಿಸಿ ರದ್ದು ಮಾಡಿಸಿದಾಗ ಅದನ್ನು ಒತ್ತಿದರೆ ರದ್ದಾದಂತೆ ಕಾಣಬೇಕು, ಒಳಗೆ ಎಚ್ಚರಿಕೆ ಮುಂದುವರಿಯಬೇಕು.

ಇಂಟರ್ನೆಟ್ ಇಲ್ಲದಾಗ ಎಚ್ಚರಿಕೆ ಎಸ್ಸೆಮ್ಮೆಸ್‌ನಲ್ಲಿ ಹೋಗಲಿ. ಆಂಡ್ರಾಯ್ಡ್‌ನಲ್ಲಿ ಅನುಮತಿ ಇದ್ದರೆ ಆ್ಯಪ್ ತಾನೇ ಕಳಿಸಬಲ್ಲದು, ಐಫೋನ್‌ನಲ್ಲಿ ಕಳಿಸುವ ಗುಂಡಿಯನ್ನು ಬಳಕೆದಾರರೇ ಒತ್ತಬೇಕು. ಕನ್ನಡದ ಸಂದೇಶಕ್ಕೆ ಒಂದು ಎಸ್ಸೆಮ್ಮೆಸ್‌ನಲ್ಲಿ 70 ಸಂಕೇತಗಳಷ್ಟೇ ಜಾಗ. ‘ಕ್ಷ’ ಒಂದಕ್ಷರದಂತೆ ಕಂಡರೂ ಲೆಕ್ಕಕ್ಕೆ ಮೂರು. ಹಾಗಾಗಿ ಹೆಸರು, ಗಾಡಿ ನಂಬರ್, ಲಿಂಕ್ ಮೂರೇ ಸಾಕು. ಫೋನನ್ನೇ ಕಿತ್ತುಕೊಂಡರೆ? ರೈಡ್ ನಡುವೆ 3 ನಿಮಿಷ ಸ್ಥಳ ಬರದಿದ್ದರೆ ಆ ಮೌನವನ್ನೇ ಸರ್ವರ್ ಸೂಚನೆಯೆಂದು ಹಿಡಿದು ಕ್ರಮ ಶುರುಮಾಡಬೇಕು. ನೆಟ್‌ವರ್ಕ್ ಸಿಗದ ರಸ್ತೆ ತುಂಡುಗಳನ್ನು ಮೊದಲೇ ನಕ್ಷೆಯಲ್ಲಿ ಗುರುತಿಸಿಟ್ಟರೆ ಇಲ್ಲೂ ಸುಳ್ಳು ಎಚ್ಚರಿಕೆ ತಗ್ಗುತ್ತದೆ.

ದೂರು ಕೊಟ್ಟವರು ಯಾರೆಂದು ಚಾಲಕರು ಊಹಿಸದಂತೆ ನೋಡಿಕೊಳ್ಳಿ. ದಿನಕ್ಕೆ ಎರಡೇ ರೈಡ್ ಮಾಡುವವರಿಗೆ ‘ಇಂದು ದೂರು ಬಂದಿದೆ’ ಎಂದರೆ ಹೆಸರು ಹೇಳಿದಂತೆಯೇ. ಗಂಭೀರ ದೂರಿಗೆ ಖಾತೆ ತಕ್ಷಣ ನಿಲ್ಲಲಿ, ಕಾರಣವಾಗಿ ‘ನಿಯಮಿತ ಪರಿಶೀಲನೆ’ ಎಂದಷ್ಟೇ ತೋರಿಸಿ. ದೂರಿಲ್ಲದ ರೈಡ್‌ಗಳ ನಿಖರ ದಾರಿಯನ್ನು 30 ದಿನಕ್ಕೆ ಅಳಿಸಿ. ಸಿಬ್ಬಂದಿ ಯಾರ ದಾರಿ ತೆರೆದು ನೋಡಿದರೂ ಅದು ದಾಖಲಾಗಲಿ.

ಬಿಡುಗಡೆಗೆ ಮುಂಚೆ 20–30 ವಿದ್ಯಾರ್ಥಿಗಳೊಂದಿಗೆ ಎರಡು ವಾರ ಓಡಿಸಿ ನೋಡಿ: ಅಗ್ಗದ ಫೋನಿನಲ್ಲಿ, 5% ಬ್ಯಾಟರಿಯಲ್ಲಿ, ಡೇಟಾ ಆಫ್ ಮಾಡಿ. ಒಂದು ದಿನ ರಾತ್ರಿ 2 ಗಂಟೆಗೆ ಹೇಳದೆ ಎಸ್‌ಒಎಸ್ ಒತ್ತಿ, ಎಷ್ಟು ಸೆಕೆಂಡಿಗೆ ಮನುಷ್ಯರೊಬ್ಬರು ಫೋನ್ ಎತ್ತಿದರೆಂದು ಬರೆದಿಡಿ. ಯಾರೂ ಎತ್ತದಿದ್ದರೆ, ಸಿಬ್ಬಂದಿ ಸಿಗುವವರೆಗೆ ಆ ಹೊತ್ತಿನ ರೈಡ್ ನಿಲ್ಲಿಸಿಡಿ.