ಡೊಮೇನ್ ಬದಲಿಸಿ, ಆದರೆ ಹಳೆ ಬಾಗಿಲಿಗೆ ಬೀಗ ಹಾಕಬೇಡಿ

2014ರ ನವೆಂಬರ್ 1ರಂದು ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರು ಆಯಿತು. ಸುರತ್ಕಲ್ಲಿನ ನಮ್ಮ ಚಿಕ್ಕಮ್ಮನ ಹೋಂಸ್ಟೇ ವೆಬ್‌ಸೈಟಿನ ಡೊಮೇನ್, ಅಂದರೆ ವಿಳಾಸ, ಮಾತ್ರ ಹೋದ ವರ್ಷದವರೆಗೂ ಹಳೆ ಸ್ಪೆಲ್ಲಿಂಗಿನಲ್ಲೇ ಇತ್ತು. ಬದಲಿಸಿಕೊಡು ಅಂದರು. ಅದಕ್ಕೇನು, ಅರ್ಧ ಗಂಟೆ ಕೆಲಸ ಅಂದೆ. ಎರಡು ವಾರ ಹಿಡಿಯಿತು, ಅದರಲ್ಲಿ ಒಂದು ವಾರ ನನ್ನದೇ ತಪ್ಪಿನಿಂದ.

ಮೊದಲು ಹೆಸರು. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ, ಎಲ್ಲವೂ ಚಂದವೇ. ಆದರೆ ರೂಮ್ ಬುಕ್ ಮಾಡುವವರು ಬೆಂಗಳೂರಿನವರು, ಕೊಡಿಯಾಲ ಅಂದರೆ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡುತ್ತಾರೆ. ಫೋನಿನಲ್ಲಿ ಒಂದೇ ಸಲ ಹೇಳಿ ನೋಡಿ. ಆ ಕಡೆಯವರು ಸರಿಯಾಗಿ ಬರೆದುಕೊಂಡರೆ ಆ ಹೆಸರು ತಗೊಳ್ಳಿ.

ಗಿರಾಕಿ ಕಡಿಮೆ ಇರುವಾಗ ಮಾಡಿ. ನಮಗೆ ಅದು ಮಳೆಗಾಲ, ಕಡಲು ಬೊಬ್ಬೆ ಹೊಡೆಯುವಾಗ ಬೀಚಿಗೆ ಯಾರು ಬರುತ್ತಾರೆ ಮಾರಾಯ್ರೆ. ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಹೊಸದೇನೂ ಶುರು ಮಾಡಬಾರದು ಅಂತ ಚಿಕ್ಕಮ್ಮನ ಹಠ. ಕೊನೆಗೆ ಡೊಮೇನನ್ನು ಆಟಿಗೆ ಮೊದಲೇ ಕೊಂಡು, ಆಟಿಯಲ್ಲಿ ಕೆಲಸ ಮುಗಿಸಿ, ಮುಂದಿನ ತಿಂಗಳು ಸೋಣ ಬಂದ ಮೇಲೆ ತೆರೆದೆವು. ಇದರ ಜೊತೆಗೇ ಡಿಸೈನ್, ಹೋಸ್ಟಿಂಗ್ (ಸೈಟ್ ಇಟ್ಟಿರುವ ಸರ್ವರ್) ಕೂಡ ಬದಲಿಸಲು ಹೋಗಬೇಡಿ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತೇ ಆಗುವುದಿಲ್ಲ.

ಪೂರ್ತಿ ಬ್ಯಾಕಪ್ ತೆಗೆದ ಮೇಲೆ ಸೈಟಿನ ಒಳಗಿರುವ ಹಳೆ ವಿಳಾಸಗಳನ್ನು ಬದಲಿಸಬೇಕು. ಸೈಟ್ ಕಟ್ಟಿದ್ದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಾದರೆ, ಅದರ ಮಾಹಿತಿ ಇರುವ ಡೇಟಾಬೇಸ್‌ನಲ್ಲಿ ಸುಮ್ನೆ ರಿಪ್ಲೇಸ್ ಹೊಡೆಯಬೇಡಿ. ಅದು ಕೆಲವು ಸೆಟ್ಟಿಂಗ್‌ಗಳನ್ನು ಅಕ್ಷರಗಳ ಎಣಿಕೆಯ ಸಮೇತ ಇಟ್ಟಿರುತ್ತದೆ, ವಿಳಾಸದ ಉದ್ದ ಬದಲಾದರೆ ಎಣಿಕೆ ತಪ್ಪಿ ಆ ಸೆಟ್ಟಿಂಗೇ ಹಾಳಾಗುತ್ತದೆ. ತಮಾಷೆ ಅಂದರೆ ಮ್ಯಾಂಗಲೋರ್, ಮಂಗಳೂರು ಎರಡಕ್ಕೂ ಇಂಗ್ಲಿಷಿನಲ್ಲಿ 9 ಅಕ್ಷರ. ಆದರೆ ನಾವು ಡಾಟ್ ಕಾಮ್ ಬಿಟ್ಟು ಡಾಟ್ ಇನ್ ತಗೊಂಡೆವು, ಒಂದು ಅಕ್ಷರ ಕಡಿಮೆ ಆಯಿತು. ವರ್ಡ್‌ಪ್ರೆಸ್‌ಗೆ ಟೈಪ್ ಮಾಡಿ ಆದೇಶ ಕೊಡುವ ಡಬ್ಲ್ಯೂಪಿ-ಸಿಎಲ್‌ಐ ಎಂಬ ಸಾಧನದ ಸರ್ಚ್-ರಿಪ್ಲೇಸ್ ಬಳಸಿ, ಅದು ಎಣಿಕೆಯನ್ನೂ ಸರಿ ಮಾಡುತ್ತದೆ. ಮೊದಲು ಡ್ರೈ-ರನ್, ಅಂದರೆ ಏನೂ ಬದಲಿಸದ ತಾಲೀಮು, ಮಾಡಿ ನೋಡಿ.

ಈಗ ರೀಡೈರೆಕ್ಟ್, ಅಂದರೆ ಹಳೆ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವುದು. ನಾನು ಎಡವಿದ್ದು ಇಲ್ಲೇ. ಹಳೆ ಸೈಟಿನ ಎಲ್ಲ ಪುಟಗಳನ್ನೂ ಹೊಸ ಸೈಟಿನ ಮುಖಪುಟಕ್ಕೆ ತಿರುಗಿಸಿಬಿಟ್ಟೆ. ರೂಮ್ ಬಾಡಿಗೆ ನೋಡಲು ಬಂದವರು ಮುಖಪುಟದಲ್ಲಿ ಬಂದು ಬಿದ್ದರು. ಇಂಥ ರೀಡೈರೆಕ್ಟನ್ನು ಗೂಗಲ್ ಕೂಡ ಪುಟವೇ ಇಲ್ಲ ಅಂತ ಲೆಕ್ಕ ಹಾಕಬಹುದು. ಹಳೆ ರೂಮ್ ಪುಟ ಹೊಸ ರೂಮ್ ಪುಟಕ್ಕೇ ಹೋಗಬೇಕು, ಊಟದ ಪುಟ ಊಟದ ಪುಟಕ್ಕೇ, ಅದೂ ನಡುವೆ ಬೇರೆ ವಿಳಾಸ ಸುತ್ತದೆ ಒಂದೇ ನೆಗೆತದಲ್ಲಿ. ಕೊನೆಗೆ ಹಾಕಬೇಕಾದದ್ದು 301, ಅಂದರೆ ಶಾಶ್ವತ ರೀಡೈರೆಕ್ಟ್. ಆದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ, ನೀವು ತಪ್ಪು ತಿದ್ದಿದ ಮೇಲೂ ಹಳೆ ದಾರಿಯಲ್ಲೇ ಹೋಗಬಹುದು. ಹಾಗಾಗಿ ಮೊದಲು 302, ಅಂದರೆ ತಾತ್ಕಾಲಿಕ ರೀಡೈರೆಕ್ಟ್, ಹಾಕಿ ಪರೀಕ್ಷಿಸಿ, ಸರಿ ಇದ್ದರೆ 301 ಮಾಡಿ.

ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಹಳೆಯದು, ಹೊಸದು ಎರಡನ್ನೂ ಒಂದೇ ಖಾತೆಯಲ್ಲಿ ವೆರಿಫೈ ಮಾಡಿ (ನಿಮ್ಮದೇ ಅಂತ ತೋರಿಸಿ), ಡೊಮೇನಿನ ಡಿಎನ್‌ಎಸ್ ದಾಖಲೆಯ ಮೂಲಕ ಮಾಡಿದರೆ ರೀಡೈರೆಕ್ಟ್ ಆದ ಮೇಲೂ ಉಳಿಯುತ್ತದೆ. ಆಮೇಲೆ ಅಲ್ಲೇ ಚೇಂಜ್ ಆಫ್ ಅಡ್ರೆಸ್ ಒತ್ತಿ, ಹೊಸ ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಕೊಡಿ. ಕೆಲವು ವಾರ ಹುಡುಕಾಟದಲ್ಲಿ ಏರಿಳಿತ ಇರುತ್ತದೆ, ಗಾಬರಿ ಬೇಡ.

ಎಲ್ಲ ಆಯಿತು ಅಂತ ಕೂತಿದ್ದೆ. ಎರಡು ತಿಂಗಳ ನಂತರ ಒಬ್ಬ ಗಿರಾಕಿ ಫೋನ್ ಮಾಡಿ, ನಿಮ್ಮ ಸೈಟ್ ಅಪಾಯ ಅಂತ ಬರುತ್ತದಲ್ಲ ಅಂದ. ಹಳೆ ಡೊಮೇನಿನ ಎಸ್‌ಎಸ್‌ಎಲ್ ಸರ್ಟಿಫಿಕೇಟಿನ, ಅಂದರೆ ಸಂಪರ್ಕ ಸುರಕ್ಷಿತ ಅಂತ ಬ್ರೌಸರಿಗೆ ತೋರಿಸುವ ಪತ್ರದ, ಅವಧಿ ಮುಗಿದಿತ್ತು. ಅದು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಟ್ಟದ್ದು, 90 ದಿನದ್ದು. ಇನ್ನೇಕೆ ಅಂತ ಹಳೆ ಹೆಸರನ್ನು ನಾನೇ ಸರ್ಟಿಫಿಕೇಟ್ ನವೀಕರಿಸುವ ಪಟ್ಟಿಯಿಂದ ತೆಗೆದಿದ್ದೆ. ಬ್ರೌಸರ್ ಮೊದಲು ಸರ್ಟಿಫಿಕೇಟ್ ನೋಡುತ್ತದೆ, ಆಮೇಲೆಯೇ ರೀಡೈರೆಕ್ಟ್. ಬಾಗಿಲಲ್ಲೇ ಹೆದರಿಸಿದರೆ ಒಳಗೆ ಯಾರು ಬರುತ್ತಾರೆ, ಅಲ್ವಾ?

ಇಷ್ಟೆಲ್ಲ ಆದ ಮೇಲೂ ಹಳೆ ಹೆಸರಿನ ಬಾಡಿಗೆ ಕಟ್ಟುತ್ತಿರಿ. ರೀಡೈರೆಕ್ಟ್ ಕಡಿಮೆ ಅಂದರೂ ಒಂದು ವರ್ಷ ಇರಬೇಕು, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಹಳೆ ಇಮೇಲ್ ಕೂಡ ಅದರಲ್ಲೇ ಉಂಟಲ್ಲ. ನಾಳೆ ಬೇರೆ ಯಾರೋ ಆ ಡೊಮೇನ್ ಕೊಂಡರೆ, ನಿಮ್ಮ ಬುಕಿಂಗ್ ಖಾತೆಗಳ ಪಾಸ್‌ವರ್ಡ್ ರಿಸೆಟ್ ಪತ್ರಗಳು ಅವರ ಕೈಗೆ ಹೋಗುತ್ತವೆ. ನಮ್ಮ ಚಿಕ್ಕಮ್ಮ ಹಳೆ ಕ್ಯೂಆರ್ ಕೋಡ್ ಇರುವ ವಿಸಿಟಿಂಗ್ ಕಾರ್ಡ್ ಮುಗಿಯುವವರೆಗೆ ಹೊಸದು ಪ್ರಿಂಟ್ ಮಾಡಿಸುವುದಿಲ್ಲ ಅಂದಿದ್ದಾರೆ. ಕಪಾಟಿನಲ್ಲಿ ಇನ್ನೂ ನಾಲ್ಕು ಡಬ್ಬ ಉಂಟು.